ಸರ್ಕಾರದ ಚಿಗರಿ, ಕಾಕಾನ ಕಡ್ಲಿ

ನವಲಗುಂದ ತಾಲ್ಲೂಕಿನಲ್ಲಿ ನೆರಳು ಬೇಕೆಂದರೆ ಬದುವಿನ ಜಾಲಿಗಿಡವೇ ಗತಿ. ಉಳಿದದ್ದೆಲ್ಲ ಕಣ್ಣು ಹಾಯುವಷ್ಟು ದೂರ ಎರೆ ಹೊಲ. ಇಲ್ಲಿ ಕಾಡಿಲ್ಲ, ಕಾಡಿಲ್ಲದ ಮೇಲೆ ಕಾಡುಪ್ರಾಣಿ ಎಲ್ಲಿಂದ ಬರಬೇಕು ಎನ್ನುತ್ತದೆ ನಕಾಶೆ. ನಕಾಶೆ ಓದಲು ಬಾರದ ಚಿಗರಿಗಳು ಮಾತ್ರ ನಸುಕಿನಲ್ಲೇ ನಮ್ಮ ಕಾಕಾನ ಕಡ್ಲಿ ಹೊಲದಲ್ಲಿ ಹಾಜರಿ ಹಾಕಿರುತ್ತವೆ.

ಕಡ್ಲಿಯ ಕುಡಿ ಚಿವುಟಿದರೆ ಗಿಡ ಕವಲೊಡೆಯುತ್ತದೆ, ಕಾಯಿ ಹೆಚ್ಚುತ್ತದೆ. ಇದು ನಮ್ಮ ಹೆಣ್ಣುಮಕ್ಕಳಿಗೂ ಗೊತ್ತು, ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೂ ಗೊತ್ತು. ಆದರೆ ಎಷ್ಟಕ್ಕೆ ನಿಲ್ಲಿಸಬೇಕೆಂದು ಚಿಗರಿಗೆ ಯಾರೂ ಹೇಳಿಕೊಟ್ಟಿಲ್ಲ. ಕುಡಿಯಿಂದ ಶುರುಮಾಡಿ ಬುಡಕ್ಕೆ ಮುಗಿಸುತ್ತದೆ. ತಿಂದದ್ದಕ್ಕಿಂತ ತುಳಿದದ್ದೇ ಜಾಸ್ತಿ. ಕಾಕಾ ಹೊಲದ ಸುತ್ತ ಗೂಟ ನೆಟ್ಟು ಚಿಗವ್ವನ ಹಳೇ ಸೀರೆಗಳನ್ನು ಕಟ್ಟಿದ. ಗಾಳಿ ಬೀಸಿದರೆ ಒಂದಕ್ಕೊಂದು ಬಡಿದು ಸಪ್ಪಳವಾಗಲೆಂದು ನಡುನಡುವೆ ಖಾಲಿ ಬಾಟ್ಲಿಗಳನ್ನು ಜೋಡಿ ಜೋಡಿಯಾಗಿ ತೂಗುಬಿಟ್ಟ. ಬಾಟ್ಲಿ ಖಾಲಿಯಾದ ಬಗೆಯನ್ನು ಚಿಗವ್ವ ಇನ್ನೂ ವಿಚಾರಿಸುತ್ತಿದ್ದಾಳೆ. ಮೊದಲ ಎರಡು ದಿನ ಚಿಗರಿಗಳು ದೂರ ನಿಂತು ನೋಡಿದವು. ಮೂರನೆಯ ದಿನ ಚಿಗವ್ವನ ಮದುವೆ ಸೀರೆಯ ಕೆಳಗೇ ನುಸುಳಿ ಒಳಗೆ ಬಂದವು.

ಹೊಡೆದು ಓಡಿಸುವ ಮಾತು ಬೇಡ. ಚಿಗರಿ ಎಂದರೆ ಕೃಷ್ಣಮೃಗ, 1972ರ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದ ಪ್ರಾಣಿ. ಕೊಂದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಈ ಕಾನೂನನ್ನು ನಮ್ಮ ಊರಿಗೆ ತಲುಪಿಸಿದ್ದು ಗೆಜೆಟ್ ಅಲ್ಲ, ಸಲ್ಮಾನ್ ಖಾನ್. 1998ರ ಪ್ರಕರಣಕ್ಕೆ 2018ರಲ್ಲಿ ಜೋಧಪುರದ ಕೋರ್ಟು 5 ವರ್ಷ ಶಿಕ್ಷೆ ಹೇಳಿದ ದಿನ ಕಟ್ಟೆಯ ಮೇಲೆ ಕೂತವರೆಲ್ಲ ಕಾನೂನು ಪಂಡಿತರಾದರು. ಅವನಿಗೆ ಜಾಮೀನು ಎರಡೇ ದಿನದಲ್ಲಿ ಸಿಕ್ಕಿತು. ನಮಗೆ ಜಾಮೀನಿಗೆ ನಿಲ್ಲುವವರು ಯಾರೆಂದು ಎಣಿಸಿ ನೋಡಿ, ಕಾಕಾ ಕೋಲನ್ನೂ ಮನೆಯಲ್ಲೇ ಬಿಟ್ಟು ಹೋಗತೊಡಗಿದ.

ಇಂಥ ಪ್ರಾಣಿಗಳ ಯೋಗಕ್ಷೇಮ ನೋಡಲು ರಾಜ್ಯ ವನ್ಯಜೀವಿ ಮಂಡಳಿ ಇದೆ. ಮುಖ್ಯಮಂತ್ರಿಯೇ ಅಧ್ಯಕ್ಷರು, ಅರಣ್ಯ ಸಚಿವರು ಉಪಾಧ್ಯಕ್ಷರು. ಅದೇ ಕಾಯ್ದೆಯ 6ನೇ ಕಲಮು ಸದಸ್ಯರ ಪಟ್ಟಿ ಕೊಡುತ್ತದೆ. ಶಾಸಕರು ಮೂವರು, ಪರಿಸರ ಬಲ್ಲವರು ಹತ್ತು ಮಂದಿ, ಐಜಿಗಿಂತ ಕೆಳಗಲ್ಲದ ಪೊಲೀಸ್ ಅಧಿಕಾರಿ, ಬ್ರಿಗೇಡಿಯರ್‌ಗಿಂತ ಕೆಳಗಲ್ಲದ ಸೇನಾಧಿಕಾರಿ, ಮೀನುಗಾರಿಕೆಯವರು, ಪಶುಸಂಗೋಪನೆಯವರು. ಚಿಗರಿ ಯಾರ ಬೆಳೆ ತಿಂದು ಬದುಕಿದೆಯೋ ಅವನಿಗೊಂದು ಕುರ್ಚಿ ಮಾತ್ರ ಪಟ್ಟಿಯಲ್ಲಿಲ್ಲ. ಬ್ರಿಗೇಡಿಯರ್ ಯಾಕೆ ಎಂದು ನಾನು ಬಹಳ ಯೋಚಿಸಿದೆ. ಚಿಗರಿಗಳು ಅಣ್ಣಿಗೇರಿ ಕಡೆಯಿಂದ ಸಾಲುಗಟ್ಟಿ ನುಗ್ಗುವುದನ್ನು ಒಮ್ಮೆ ನೋಡಿದ ಮೇಲೆ ಅರ್ಥವಾಯಿತು.

ಕಾಕಾ ಪರಿಹಾರಕ್ಕೆ ಅರ್ಜಿ ಹಾಕಿದ. ಯಾವ ಕಚೇರಿ ಎಂಬುದು ಬೇಡ, ಟೇಬಲ್ಲುಗಳೆಲ್ಲ ಒಂದೇ ನಮೂನೆ. ಪಹಣಿ ತಗೊಂಡು ಬಾ ಎಂದರು, ತಂದ. ಬೆಳೆ ಹಾಳಾದ ಫೋಟೊ ಎಂದರು, ತಂದ. ಚಿಗರಿಯ ಸಮೇತ ಇರಬೇಕು ಎಂದರು. ಮೊಬೈಲು ಎತ್ತುವಷ್ಟರಲ್ಲಿ ಅದು ಮೂರು ಹೊಲ ದಾಟಿರುತ್ತದೆ. ಕೊನೆಗೆ, ಅಡವಿಯ ಅಂಚಿನಿಂದ ನಿನ್ನ ಹೊಲ ಎಷ್ಟು ದೂರ ಎಂದು ಕೇಳಿದರು.

‘ಸಾಹೇಬರ, ಅಡವಿ ನೋಡಬೇಕಂದ್ರ ನಾವು ಕಲಘಟಗಿತನಾ ಹೋಗಬೇಕ್ರಿ.’

‘ಹಂಗಾದ್ರ ಚಿಗರಿ ಎಲ್ಲಿಂದ ಬಂತೋ?’

‘ಅದನ್ನ ನಿಮಗ ಕೇಳಾಕ ಬಂದೇನ್ರಿ.’

ಕಲಘಟಗಿ ಎಂದ ಮೇಲೆ ಆ ದಾರಿಯಲ್ಲೇ ಹೋಗಬೇಕಾದ ಹುಬ್ಬಳ್ಳಿ–ಅಂಕೋಲಾ ರೈಲು ನೆನಪಾಗದೆ ಇರುತ್ತದೆಯೇ. ಕಾಯ್ದೆಯ ಪ್ರಕಾರ ರಾಜ್ಯ ಮಂಡಳಿ ವರ್ಷಕ್ಕೆ ಎರಡು ಸಲವಾದರೂ ಸೇರಬೇಕು. 2020ರ ಮಾರ್ಚ್ ಒಂದೇ ತಿಂಗಳಲ್ಲಿ ಆ ಕೋಟಾ ಮುಗಿಯಿತು. 9ನೇ ತಾರೀಕು ಸೇರಿ, ಪಶ್ಚಿಮಘಟ್ಟದ ಲಕ್ಷಗಟ್ಟಲೆ ಮರ ಕಡಿಯುವ ಈ ಮಾರ್ಗ ಬೇಡ ಎಂದಿತು. 20ನೇ ತಾರೀಕು ಮತ್ತೆ ಸೇರಿ ಆಗಬಹುದು ಎಂದಿತು. ನಡುವೆ 11 ದಿನ. ಅಷ್ಟರಲ್ಲಿ ಮರಗಳು ಕಡಿಮೆಯಾಗಿದ್ದವೋ, ಹುಲಿಗಳು ಒಪ್ಪಿಗೆ ಪತ್ರ ಬರೆದುಕೊಟ್ಟವೋ ತಿಳಿಯದು. ಮುಂದೆ ವ್ಯವಹಾರ ಹೈಕೋರ್ಟಿಗೆ ಹೋಯಿತು, ರೈಲು ಇನ್ನೂ ಬಂದಿಲ್ಲ.

ದಿಲ್ಲಿಯ ರಾಷ್ಟ್ರೀಯ ವನ್ಯಜೀವಿ ಮಂಡಳಿಗೆ ಇಂಥ ಅವಸರವಿಲ್ಲ. ಮಹದಾಯಿ ನ್ಯಾಯಾಧಿಕರಣ 2018ರ ಆಗಸ್ಟ್ 14ರಂದು ರಾಜ್ಯಕ್ಕೆ 13.42 ಟಿಎಂಸಿ ಕೊಟ್ಟಿತು. ಅದರಲ್ಲಿ ಕಳಸಾ–ಬಂಡೂರಿಯಿಂದ ಮಲಪ್ರಭೆಗೆ ಬರಬೇಕಾದದ್ದು 3.9. ಅದೂ ಕುಡಿಯುವುದಕ್ಕೆ. ಈ ನೀರಿಗಾಗಿಯೇ 2016ರ ಜುಲೈಯಲ್ಲಿ ನಮ್ಮದೇ ಯಮನೂರಿನ ಮುದುಕರು ಹೆಂಗಸರು ಪೊಲೀಸರ ಲಾಠಿ ತಿಂದರು. 2024ರ ಜನವರಿಯಲ್ಲಿ ಕಳಸಾ ಕಡತ ದಿಲ್ಲಿ ಮಂಡಳಿಯ ಸ್ಥಾಯಿ ಸಮಿತಿಯ ಮುಂದೆ ಬಂದಾಗ, ಕಾಳಿ–ಸಹ್ಯಾದ್ರಿ ಹುಲಿ ಕಾರಿಡಾರ್ ಅಡ್ಡ ಬಂದು ತೀರ್ಮಾನ ಮುಂದಕ್ಕೆ ಹೋಯಿತು. ಅದೇ ಸಮಿತಿಯಿಂದ ಗೋವಾಕ್ಕೆ ಕರೆಂಟು ಒಯ್ಯುವ ತಂತಿಗೆ ನಮ್ಮ ಕಾಡಿನೊಳಗೆ ದಾರಿ ಸಿಕ್ಕಿತು. ಹುಲಿಗೆ ನೀರೆಂದರೆ ಅಂಜಿಕೆ ಇರಬಹುದು, ಕರೆಂಟಿಗೆ ಇಲ್ಲ.

ದಿಲ್ಲಿ ಮಂಡಳಿ ಬೇರೆ, ಬೆಂಗಳೂರು ಮಂಡಳಿ ಬೇರೆ ಎಂದು ಕಾಕಾಗೆ ಬಿಡಿಸಿ ಹೇಳಿದೆ. ತಲೆ ಕೆರೆದುಕೊಂಡ.

‘ತಮ್ಮಾ, ನಾ ಹುಟ್ಟಿದಾಗಿಂದ ಹುಲಿ ಕಂಡಿಲ್ಲ. ಅದು ನಮ್ಮ ನೀರು ತಡದು ನಿಲ್ಲಿಸೇತಿ. ದಿನಾ ಕಾಣೋ ಚಿಗರೀನ ತಡಿಯಾಕ ಒಬ್ಬನೂ ಇಲ್ಲ. ಇದ್ಯಾವ ಲೆಕ್ಕ?’

ಚಿಗರಿಗೆ ಸರ್ಕಾರ ಏನೂ ಮಾಡಿಲ್ಲ ಎಂದು ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ. ಅರ್ಜಿಯ ಬೆನ್ನು ಹತ್ತಿ ಕಳೆದ ಸೋಮವಾರ ಕಾಕಾನನ್ನು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬಿಆರ್‌ಟಿಎಸ್ ಬಸ್ಸಿನಲ್ಲಿ ಕರೆದೊಯ್ದೆ. ಬಸ್ಸಿನ ಹೆಸರು ‘ಚಿಗರಿ’. 2018ರಿಂದ ಓಡುತ್ತಿದೆ. ಸುಮಾರು 22 ಕಿ.ಮೀ. ಹಾದಿಯ ಬಹುಪಾಲು ಅದಕ್ಕೆಂದೇ ಬೇರೆ ದಾರಿ, ಅಕ್ಕಪಕ್ಕ ಕಟಾಂಜನ, ತಾನಾಗಿ ತೆರೆಯುವ ಬಾಗಿಲು, ಒಳಗೆ ಎಸಿ. ಕಾಕಾ ಕಿಟಕಿಗೆ ಹಣೆ ಹಚ್ಚಿ ಕೂತಿದ್ದ.

‘ಇದರಾಗ ಬ್ಯಾರೆ ಗಾಡಿ ಬರಂಗಿಲ್ಲೇನು?’

‘ಇಲ್ಲ ಕಾಕಾ. ಇದು ಚಿಗರಿ ಕಾರಿಡಾರ್.’

ನವನಗರ ದಾಟುವವರೆಗೆ ಸುಮ್ಮನಿದ್ದ. ಆಮೇಲೆ ಅಂಗಿಯ ಕಿಸೆ ತಡಕಿದ.

‘ನಮ್ಮ ಹೊಲದಾಗ ಮೂವತ್ತರ ಮ್ಯಾಲ ಅದಾವು. ಒಂದಕ್ಕ ಟಿಕೆಟ್ ಎಷ್ಟಾಗತೈತಿ ಕೇಳು.’