ಮೂರು ವರ್ಷದ ಯೋಜನೆ

(ಬೆಂಗಳೂರಿನ ಅಂಚು. ಏಳುತ್ತಿರುವ ಅಪಾರ್ಟ್‌ಮೆಂಟಿನ ಪಕ್ಕ, ವಲಸೆ ಕಾರ್ಮಿಕರ ಮಕ್ಕಳ ಟೆಂಟ್ ಶಾಲೆ. ಇರುವ ಒಂದೇ ಕುರ್ಚಿಯ ಸಿಮೆಂಟ್ ಧೂಳು ಕೊಡವಿ ಸಿಆರ್‌ಪಿ, ಅಂದರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಕೂರುತ್ತಾರೆ.)

ಸಿಆರ್‌ಪಿ: ಮೇಡಂ, ಶಿಕ್ಷಣ ಹಕ್ಕು ಕಾಯ್ದೆ, 22ನೇ ಸೆಕ್ಷನ್. ಶಾಲಾ ಅಭಿವೃದ್ಧಿ ಯೋಜನೆ ಎಲ್ಲಿ? ಮೂರು ವರ್ಷದ್ದು ಬೇಕು.

ಟೀಚರ್: ನಾಲ್ಕನೇ ಸ್ಲ್ಯಾಬ್ ಹಾಕಿದ ಮೇಲೆ ಮಕ್ಕಳೇ ಇರಲ್ಲ ಸಾರ್. ವೈಟ್‌ಫೀಲ್ಡ್ ಕಡೆ ಹೊಸ ಸೈಟಂತೆ.

ಸಿಆರ್‌ಪಿ: ಅದನ್ನ 'ಸವಾಲುಗಳು' ಕಾಲಂಗೆ ಹಾಕಿ. ಈ ಹುಡುಗಿ ಯಾವ ಕ್ಲಾಸು?

(ಹುಡುಗಿಯ ಸೊಂಟದ ಮೇಲೆ ತಂಗಿ, ತಂಗಿಯ ಬಾಯಲ್ಲಿ ಬಳಪ.)

ಟೀಚರ್: ವಯಸ್ಸು 11, ಅದಕ್ಕೆ ಆರನೇ ಕ್ಲಾಸು. ಅಆಇಈ ಶುರುವಾಗಿದ್ದು ಮೊನ್ನೆ ಯುಗಾದಿಗೆ.

ಸಿಆರ್‌ಪಿ: ಗಣಿತ?

ಟೀಚರ್: ತಂಗಿ ಮಲಗಿದ್ರೆ ಕಳೆಯೋ ಲೆಕ್ಕ. ಎದ್ದಿದ್ರೆ ಕೂಡೋದು ಮಾತ್ರ.

ಸಿಆರ್‌ಪಿ: ವಿಶೇಷ ತರಬೇತಿ ಕೊಡಿ. ಕನಿಷ್ಠ ಮೂರು ತಿಂಗಳು, ಗರಿಷ್ಠ ಎರಡು ವರ್ಷ. ರೂಲ್ಸಲ್ಲೇ ಇದೆ.

ಟೀಚರ್: ಮೇಸ್ತ್ರಿ ಎರಡೇ ತಿಂಗಳು ಅಂದಿದಾನೆ ಸಾರ್.

(ಸಿಆರ್‌ಪಿ ಪೆನ್ನು ಕಚ್ಚುತ್ತಾರೆ. ಪಾಪ, ಕೆಟ್ಟವರಲ್ಲ, ಸಂಜೆ ಐದರೊಳಗೆ ಅಪ್‌ಲೋಡ್ ಆಗಬೇಕು, ಅಷ್ಟೇ.)

ಸಿಆರ್‌ಪಿ: ಹಾಗಾದ್ರೆ ಮೇಸ್ತ್ರೀನ ಶಾಲಾ ಸಮಿತಿಗೆ ಸೇರಿಸ್ಕೊಳ್ಳಿ.

ಟೀಚರ್: ಸೇರಿಸೋದೇನು, ಶೈಕ್ಷಣಿಕ ಕ್ಯಾಲೆಂಡರ್ ಇರೋದೇ ಅವನ ಹತ್ರ.

ಸಿಆರ್‌ಪಿ: ಸರಿ, ಗುರಿ ಬರ್ಕೊಳ್ಳಿ. ಹಾಜರಾತಿ, ಶೇಕಡ 100.

ಟೀಚರ್: ಯಾವ ಸೈಟಲ್ಲಿ ಸಾರ್?

ಸಿಆರ್‌ಪಿ: (ಫಾರಂ ಹಿಂದೆ ಮುಂದೆ ತಿರುವಿ) ಆ ಕಾಲಂ ಕೊಟ್ಟಿಲ್ಲ.