ಷರಾ ಬರೆಯುವ ಓದುಗ

ಬ್ಯಾಂಕುಗಳನ್ನು ಹೆತ್ತ ಊರು ಮಂಗಳೂರು. 1906ರಲ್ಲಿ ಕೆನರಾ, 1924ರಲ್ಲಿ ಕರ್ಣಾಟಕ, 1931ರಲ್ಲಿ ವಿಜಯ ಬ್ಯಾಂಕ್ ಹುಟ್ಟಿದ್ದು ಇಲ್ಲೇ. ಇಷ್ಟು ಹೆತ್ತ ಮೇಲೆ ಬೀದಿಗೊಬ್ಬ ನಿವೃತ್ತ ಮ್ಯಾನೇಜರ್ ಇರದೆ ಹೋದೀತೇ? ಅವರಲ್ಲಿ ಕೆಲವರು ಶೇರು ಮಾರುಕಟ್ಟೆ ನೋಡುತ್ತಾರೆ. ಕೆಲವರು ದೇವಸ್ಥಾನದ ಜೀರ್ಣೋದ್ಧಾರ ಸಮಿತಿಗೆ ಖಜಾಂಚಿಗಳಾಗುತ್ತಾರೆ. ಉಳಿದವರು ಕಾದಂಬರಿ ಹಿಡಿಯುತ್ತಾರೆ. ಅಪಾಯ ಇರುವುದು ಈ ಮೂರನೆಯವರಿಂದ.

ಬೆಳಗ್ಗೆ ಕದ್ರಿ ಪಾರ್ಕಿನಲ್ಲಿ ಬಿಳಿ ಶೂ ಹಾಕಿಕೊಂಡು ಎದುರಿಗೆ ಬರುವ ಇಂಥ ಒಬ್ಬ ಮ್ಯಾನೇಜರ್ರಿಂದ ನೀವು ತಪ್ಪಿಸಿಕೊಳ್ಳಲಾರಿರಿ. "ಹೇಗಿದ್ದೀರಿ?" ಎಂದು ಕೇಳುವ ಪದ್ಧತಿ ಅವರಲ್ಲಿಲ್ಲ. "ನಿನ್ನೆ ತೇಜೋ ತುಂಗಭದ್ರಾ ಮುಗಿಸಿದೆ ಮಾರಾಯ್ರೆ" ಎಂದೇ ಶುರು. ವಸುಧೇಂದ್ರರ ಆ ಕಾದಂಬರಿಯಲ್ಲಿ ಲಿಸ್ಬನ್ನಿನ ಹುಡುಗ ಗೇಬ್ರಿಯಲ್ ದುಡ್ಡು ಮಾಡಿಕೊಂಡು ಬರುತ್ತೇನೆಂದು ಹಡಗು ಹತ್ತುತ್ತಾನಲ್ಲ, ಇವರ ಸಂಕಟ ಪೂರ್ತಿ ಅವನದ್ದೇ. "ನಮ್ಮ ಹುಡುಗರು ದುಬೈಗೆ ಹೋಗುವುದಕ್ಕೂ ಅದಕ್ಕೂ ಎಂತ ವ್ಯತ್ಯಾಸ ಉಂಟು ಹೇಳಿ? ಇವರಿಗೆ ಎನ್ಆರ್‌ಐ ಖಾತೆಯಾದರೂ ಉಂಟು. ಅವನಿಗೆ ವಿಮೆಯೂ ಇಲ್ಲ, ನಾಮಿನಿಯೂ ಇಲ್ಲ!"

ಇದು ಮ್ಯಾನೇಜರ್ರ ಓದಿನ ಕ್ರಮ. ಅವರಿಗೆ ಪಾತ್ರಗಳೆಲ್ಲ ಗ್ರಾಹಕರು. ವಾಸ್ತವವಾದ, ನವ್ಯ, ಬಂಡಾಯ ಇವೆಲ್ಲ ಅವರ ಮಟ್ಟಿಗೆ ಬೇರೆ ಬೇರೆ ಶಾಖೆಗಳು, ಅಷ್ಟೆ. ಹೊಸ ವರ್ಷಕ್ಕೆ ಬ್ಯಾಂಕಿನಿಂದ ಬರುವ ಡೈರಿಯಲ್ಲಿ ಸ್ಕೇಲಿಟ್ಟು ಐದು ಕಾಲಮ್ ಎಳೆದು, ಓದಿದ ಪ್ರತಿ ಕಾದಂಬರಿಗೂ ತಪಾಸಣಾ ವರದಿ ಬರೆಯುತ್ತಾರೆ. ಕಾರಂತರ 'ಬೆಟ್ಟದ ಜೀವ'ದ ಪುಟ ಹೀಗಿದೆ:

ಹೆಸರು: ಗೋಪಾಲಯ್ಯ. ಉದ್ಯೋಗ: ಕೃಷಿ. ಆಸ್ತಿ: ತೋಟ, ಕಾಟುಮೂಲೆಯಲ್ಲಿ ಇನ್ನೊಂದು. ಬಾಧಕ: ಕಾಡುಪ್ರಾಣಿ, ಮಳೆ, ಮಗ ಮನೆ ಬಿಟ್ಟು ಹೋಗಿದ್ದಾನೆ. ಷರಾ: ಗಂಡ ಹೆಂಡತಿ ಇಬ್ಬರೂ ಬಹಳ ಒಳ್ಳೆಯವರು. ಎಷ್ಟು ಬೇಕಾದರೂ ಸಾಲ ಕೊಡಬಹುದು. ಆದರೆ ಇವರು ಕೇಳುವ ಪೈಕಿ ಅಲ್ಲ.

ಕಾರಂತರ ಇನ್ನೊಂದು ಕಾದಂಬರಿಯ ಮೂಕಜ್ಜಿಯ ಮೇಲೆ ಅವರಿಗೆ ವಿಶೇಷ ಅಭಿಮಾನ. ವಸ್ತುವನ್ನು ಮುಟ್ಟಿದ ಕೂಡಲೇ ಅದರ ಪೂರ್ವಾಪರ ಕಾಣುವ ಆ ಅಜ್ಜಿಗೆ 1977ರ ಜ್ಞಾನಪೀಠ ಏನೇನೂ ಸಾಲದು ಎನ್ನುತ್ತಾರೆ. "ಚಿನ್ನದ ಸಾಲದ ಕೌಂಟರಿನಲ್ಲಿ ಕೂರಿಸಿದ್ದರೆ ನಮಗೆ ಸರಾಫನೇ ಬೇಡ ಇತ್ತು. ನಕಲಿ ಬಳೆ ತಂದವ ಬಾಗಿಲಿನಿಂದಲೇ ವಾಪಸ್."

ವಿವೇಕ ಶಾನಭಾಗರ 'ಘಾಚರ್ ಘೋಚರ್' ಮಾತ್ರ ಅವರನ್ನು ಕಂಗೆಡಿಸಿತು. ಸೋನಾ ಮಸಾಲೆ ಎಂಬ ವ್ಯವಹಾರದಲ್ಲಿ ಹಣ ಚೆನ್ನಾಗಿ ಓಡಾಡುತ್ತಿದೆ, ಒಪ್ಪಿದರು. ಚಿಕ್ಕಪ್ಪನೊಬ್ಬ ದುಡಿದು ಉಳಿದವರು ಉಣ್ಣುವುದನ್ನು ಕೆಂಪು ಶಾಯಿಯಲ್ಲಿ ಗುರುತು ಹಾಕಿದರು. ಕೊನೆಗೆ ಸೊಸೆ ಅನಿತಾಳ ಗತಿ ಏನಾಯಿತೆಂದು ನೋಡಲು ಪುಟ ತಿರುಗಿಸಿದರೆ ಕಥೆಯೇ ಮುಗಿದಿತ್ತು. ಮರುದಿನ ಬಿಲ್ಲು ಸಮೇತ ಹಂಪನಕಟ್ಟೆಯ ಪುಸ್ತಕದಂಗಡಿಗೆ ಹೋಗಿ, "ಇದರಲ್ಲಿ ಕಡೆಯ ಹಾಳೆ ಬಿಟ್ಟುಹೋಗಿದೆ, ಬದಲಿಸಿ ಕೊಡಿ" ಎಂದರು. ಅಂಗಡಿಯ ಹುಡುಗ ಇನ್ನೊಂದು ಪ್ರತಿ ತೆಗೆದು ತೋರಿಸಿದ. ಅದರಲ್ಲೂ ಇರಲಿಲ್ಲ. ಇಡೀ ಮುದ್ರಣದಲ್ಲೇ ಲೋಪವಿದೆ ಎಂಬುದು ಅವರ ಅಂತಿಮ ಷರಾ.

ಅವರ ಮನೆಯಾಕೆ ಕಾಫಿ ತಂದಿಡುತ್ತಾ, "ಮಗಳ ಮದುವೆಗೆ ಇಷ್ಟು ವಿಚಾರಣೆ ಮಾಡಲಿಲ್ಲ ಇವರು" ಎನ್ನುತ್ತಾರೆ. ಬ್ಯಾಂಕಿನವರಿಗೇಕೆ ಸಾಹಿತ್ಯದ ಉಸಾಬರಿ ಎಂದು ಯಾರಾದರೂ ಕೆಣಕಿದರೆ ಮ್ಯಾನೇಜರ್ರ ಬಳಿ ಸಿದ್ಧ ಉತ್ತರವಿದೆ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನಿಸಿದ 'ಇಂದಿರಾಬಾಯಿ' 1899ರಲ್ಲಿ ಇದೇ ಮಂಗಳೂರಿನಲ್ಲಿ ಅಚ್ಚಾಯಿತು. ಬರೆದ ಗುಲ್ವಾಡಿ ವೆಂಕಟರಾಯರು ಪೊಲೀಸ್ ಇಲಾಖೆಯವರು. "ಪೊಲೀಸಿನವರು ಬರೆಯಬಹುದಾದರೆ ಬ್ಯಾಂಕಿನವರು ಓದಬಾರದಾ?"

ನಗಬೇಡಿ. ಕಾರಂತರ 'ಚೋಮನ ದುಡಿ'ಯನ್ನು ಅವರು ಈಚೆಗೆ ಮತ್ತೊಮ್ಮೆ ಓದಿದರು. ಹೋಟೆಲಿನಲ್ಲಿ ಬನ್ಸ್ ಮುರಿಯುತ್ತಾ ಚೋಮನ ಅರ್ಜಿಯನ್ನು ನನ್ನೆದುರೇ ಪರಿಶೀಲಿಸಿದರು. ಎತ್ತು ಉಂಟು. ದುಡಿಯುವ ಮಕ್ಕಳು ಉಂಟು. ಬೇಸಾಯ ಮಾಡುವ ಆಸೆ ಬೇಕಾದಷ್ಟು ಉಂಟು. ಭೂಮಿ ಇಲ್ಲ. ಬದಲಿಗೆ ಘಟ್ಟದ ಕಾಫಿ ತೋಟದ ಸಾಲ ತಲೆಯ ಮೇಲೆ. "ಉಳಲು ಭೂಮಿಯೇ ಇಲ್ಲದವನಿಗೆ ಬೆಳೆ ಸಾಲ ಕೊಡುವ ಹಾಗಿಲ್ಲ, ಅದು ಸರಿಯೇ. 1933ರ ಪುಸ್ತಕ, ಆಗ ಯಾವ ಬ್ಯಾಂಕು ಅವನನ್ನು ಜಗಲಿ ಹತ್ತಲು ಬಿಡ್ತಿತ್ತು? ಆದರೆ ನಾನು ಇಷ್ಟು ವರ್ಷ ಅರ್ಜಿ ನೋಡಿದ್ದೇನೆ. ಭೂಮಿ ಉಂಟಾ ಅಂತ ಕೇಳುವ ಕಾಲಮ್ ಉಂಟು. ಯಾಕೆ ಇಲ್ಲ ಅಂತ ಕೇಳುವ ಕಾಲಮ್ಮೇ ಇಲ್ಲ ಮಾರಾಯ್ರೆ!"

ಆ ಕಾದಂಬರಿಯ ಮೇಲೆ ಎಷ್ಟೋ ಉಪನ್ಯಾಸ ಕೇಳಿದ್ದೇನೆ. ಇಷ್ಟು ನೇರವಾಗಿ ವಿಷಯಕ್ಕೆ ಬಂದವರು ಕಡಿಮೆ.

ವಿಚಾರ ಸಂಕಿರಣಗಳಿಗೂ ಮ್ಯಾನೇಜರ್ರು ಬರುತ್ತಾರೆ. ಮೊದಲ ಸಾಲಿನಲ್ಲಿ, ಊಟದ ಕೂಪನ್ ಜೇಬಿನಲ್ಲಿಟ್ಟುಕೊಂಡು. ವಿದ್ವಾಂಸರು ಗಂಟೆಗಟ್ಟಲೆ ಒಂದು ಕಾದಂಬರಿಯ ಕಥನತಂತ್ರದ ಬಗ್ಗೆ ಮಾತಾಡಿ ಕೂತ ಮೇಲೆ ಎದ್ದು ನಿಂತು, "ಅದೆಲ್ಲ ಆಯಿತು, ಆ ಹೆಂಗಸಿನ ಜೀವನಕ್ಕೆ ಕೊನೆಗೆ ಎಂತ ವ್ಯವಸ್ಥೆ?" ಎಂದು ಕೇಳುತ್ತಾರೆ. ಸಭೆ ನಗುತ್ತದೆ. ಉತ್ತರ ಮಾತ್ರ ಯಾರೂ ಕೊಡುವುದಿಲ್ಲ, ಏಕೆಂದರೆ ಆಕೆಯನ್ನು ಬದುಕಿರುವ ಮನುಷ್ಯಳೆಂದು ನಂಬಿ ಓದಿದವರು ಅಲ್ಲಿ ಅವರೊಬ್ಬರೇ.

ಆದ್ದರಿಂದ ಹೊಸ ಕಾದಂಬರಿಕಾರರಲ್ಲಿ ಒಂದು ವಿನಂತಿ. ಪ್ರಶಸ್ತಿ ಸಮಿತಿಗೆ ಹೆದರಬೇಡಿ, ವಿಮರ್ಶಕರಿಗೂ ಹೆದರಬೇಡಿ. ನಿಮ್ಮ ನಾಯಕ ಮನೆ ಕಟ್ಟಿಸಿದರೆ ದುಡ್ಡು ಎಲ್ಲಿಂದ ಬಂತೆಂದು ಎಲ್ಲಾದರೂ ಒಂದು ಸಾಲು ಬರೆದಿಡಿ. ಮಂಗಳೂರಿನಲ್ಲಿ ಕೇಳುವವರಿದ್ದಾರೆ.