ಚಿಕ್ಕೋಡಿ ಕಾಕಾನಿಗೊಂದು ಸನ್ಮಾನ ಪತ್ರ

ಜರ್ಮನಿಯ ‘ಡಾರ್ಕ್’ ಸರಣಿಯಲ್ಲಿ ಕಾಲ ನೆಟ್ಟಗೆ ನಡೆಯುವುದಿಲ್ಲ. ಊರಾಚೆಯ ಗವಿ ಹೊಕ್ಕವರು 2019ರಿಂದ 1986ಕ್ಕೆ, ಅಲ್ಲಿಂದ 1953ಕ್ಕೆ ಹೋಗಿ ಬೀಳುತ್ತಾರೆ. ಮಗಳೇ ತನ್ನ ತಾಯಿಗೆ ತಾಯಿ ಎಂದು ಗೊತ್ತಾಗುವ ಕಂತಿನಲ್ಲಿ ಬೆಂಗಳೂರಿನ ಹುಡುಗರು ತಲೆ ಮೇಲೆ ಕೈಹೊತ್ತು ಕೂತರಂತೆ. ಅದೇ ಕಂತನ್ನು ಚಿಕ್ಕೋಡಿಯ ಕಾಕಾ ಒಬ್ಬರು ಅಣ್ಣನ ಮಗನ ಜತೆ ಕೂತು ನೋಡಿದರು. ಹುಡುಗ ದಂಗಾಗಿ ಕಾಕಾನ ಮುಖ ನೋಡಿದ. ಕಾಕಾ ಅಂಗೈಯಲ್ಲಿ ತಂಬಾಕು ತಿಕ್ಕುತ್ತಲೇ ಇದ್ದರು. ಸುಣ್ಣ ಹದವಾಗಿ ಬೆರೆತ ಮೇಲೆ ಎರಡು ಸಲ ತಟ್ಟಿ, ಧೂಳು ಹಾರಿಸಿ, ತುಟಿಯೊಳಗೆ ಇಟ್ಟುಕೊಂಡು ಇಷ್ಟೇ ಅಂದರು: “ಇದರಾಗ ಏನೈತೋ ತಮ್ಮಾ? ನಮ್ಮ ಜಿಲ್ಲಾ ತೊಂಬತ್ತೇಳರಾಗ ಹುಟ್ಟಿ, ಹೊಳ್ಳಿ ಬೆಳಗಾವಿ ಹೊಟ್ಯಾಗ ಹೋಗಿ ಕುಂತಿಲ್ಲೇನು?”

ಇಂಥ ಪ್ರೇಕ್ಷಕ ರಾತ್ರೋರಾತ್ರಿ ತಯಾರಾಗುವುದಿಲ್ಲ. ಅವನನ್ನು ರೂಪಿಸಿದ ಕತೆಗಾರರಿಗೂ ಒಂದು ಶಾಲು ಸಲ್ಲಬೇಕು. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಹೊಸ ಜಿಲ್ಲೆಗಳನ್ನು ಮಾಡಿದಾಗ ಬಾಗಲಕೋಟೆ, ಗದಗ, ಹಾವೇರಿಗಳ ಜತೆ ಚಿಕ್ಕೋಡಿ, ಗೋಕಾಕಗಳ ಹೆಸರೂ ಘೋಷಣೆಯಾಯಿತು. ಗಡಿ ತಂಟೆ ಮುಗಿಯುವ ತನಕ ಬೆಳಗಾವಿಯನ್ನು ಒಡೆಯಕೂಡದು ಎಂದು ಕನ್ನಡ ಸಂಘಟನೆಗಳು ಎದ್ದು ನಿಂತವು. ಸರ್ಕಾರ ಘೋಷಣೆಯನ್ನು ವಾಪಸು ಪಡೆಯಿತು. ಗವಿ ಬೇಕಾಗಲಿಲ್ಲ, ಯಂತ್ರ ಬೇಕಾಗಲಿಲ್ಲ. ಎರಡು ಜಿಲ್ಲೆಗಳು ಕಾಲದಲ್ಲಿ ಹಿಂದಕ್ಕೆ ಹೋದವು.

ಗಡಿ ತಂಟೆಯ ಕತೆಯೇನು ಸಾಮಾನ್ಯವೆ? ಆಯೋಗ ಬೇಕೇ ಬೇಕೆಂದು ಹಟ ಹಿಡಿದದ್ದು ಮಹಾರಾಷ್ಟ್ರ. 1967ರಲ್ಲಿ ಮಹಾಜನ ವರದಿ ಬಂದಾಗ ಒಲ್ಲೆ ಎಂದದ್ದೂ ಮಹಾರಾಷ್ಟ್ರವೇ. ಆ ವರದಿಯ ಪ್ರಕಾರ ನಿಪ್ಪಾಣಿ ಅತ್ತ ಹೋಗಬೇಕಿತ್ತು, ಇತ್ತಲೇ ಉಳಿಯಿತು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಅಲ್ಲಿಂದ ಜಿಲ್ಲೆ ವ್ಯಾಜ್ಯವನ್ನು ಕಾಯುತ್ತದೆ, ವ್ಯಾಜ್ಯ ತಾರೀಖನ್ನು ಕಾಯುತ್ತದೆ.

ಇನ್ನು ಭೌತಶಾಸ್ತ್ರ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಚಿಕ್ಕೋಡಿ ಜಿಲ್ಲೆಯೇ ಸರಿ. ಶೈಕ್ಷಣಿಕ ಜಿಲ್ಲೆಗಳ ಪಟ್ಟಿಯಲ್ಲಿ ಅದಕ್ಕೆ ಬೇರೆ ಸಾಲು. ಲೋಕಸಭೆಗೆ ತನ್ನದೇ ಕ್ಷೇತ್ರ. ಗಾಡಿಗೆ ಕೆಎ 23. ಮಾರನೆಯ ದಿನ ಡಿಸಿ ಸಹಿ ಬೇಕಾಯಿತೋ, ಬರೇ ತಾಲ್ಲೂಕು. ಪೆಟ್ಟಿಗೆಯೊಳಗಿನ ಬೆಕ್ಕು ಬದುಕಿದೆ, ಸತ್ತೂ ಇದೆ ಎಂದು ಶ್ರೋಡಿಂಗರ್ 1935ರಲ್ಲಿ ಹೇಳಿದ್ದು ಕಾಗದದ ಮೇಲೆ ಮಾತ್ರ. ನಮ್ಮವರು ಸಂತೆ, ಸ್ಟ್ಯಾಂಡು ಸಮೇತ ಇಡೀ ಊರನ್ನೇ ಹಾಗೆ ಇಟ್ಟು ತೋರಿಸಿದ್ದಾರೆ.

ತಾಯಿ-ಮಗಳ ತಿರುವಂತೂ ಇಲ್ಲಿ ಹಳೆಯದಾಯಿತು. ನಿಪ್ಪಾಣಿ ಚಿಕ್ಕೋಡಿಯಿಂದ, ಕಾಗವಾಡ ಅಥಣಿಯಿಂದ ಬೇರೆಯಾಗಿ ತಾಲ್ಲೂಕುಗಳಾದವು. ಅಂದರೆ ಚಿಕ್ಕೋಡಿ ಮಗಳನ್ನು ಹೆತ್ತಾಗಿದೆ, ತಾನು ಹುಟ್ಟುವುದು ಬಾಕಿ ಇದೆ. ನಡುವೆ ಅಥಣಿಯವರು ನಾಯಕನ ಪಾತ್ರ ತಮಗೇ ಬೇಕೆನ್ನುತ್ತಾರೆ. (ರಾಯಬಾಗದವರು ಯಾವ ಪಾತ್ರ ಕೊಟ್ಟರೂ ಸಂಯಮದಿಂದ ನಿಭಾಯಿಸಿಯಾರು ಎಂಬುದು ನನ್ನ ನಂಬಿಕೆ.)

ಜರ್ಮನರದು ಒಂದೇ ದೋಷ: ಸಹನೆ ಸಾಲದು. 2017ರಲ್ಲಿ ಶುರು ಮಾಡಿ 2020ಕ್ಕೆಲ್ಲ, ಬರೀ 26 ಕಂತಿನಲ್ಲಿ ಗಂಟುಗಳನ್ನೆಲ್ಲ ಬಿಚ್ಚಿ ಕೈತೊಳೆದುಕೊಂಡರು. ನಮ್ಮಲ್ಲಿ ಇಂಥ ಅವಸರವಿಲ್ಲ. ಸುವರ್ಣ ವಿಧಾನಸೌಧದ ಚಳಿಗಾಲದ ಅಧಿವೇಶನ ಬಂತೆಂದರೆ ಹೊಸ ಕಂತು ಬಂತೆಂದೇ ಅರ್ಥ: ಬೇಡಿಕೆ, ಧರಣಿ, ‘ಪರಿಶೀಲಿಸಲಾಗುವುದು’. ಸರ್ಕಾರ ಬದಲಾದರೆ ನಟರು ಬದಲಾಗುತ್ತಾರೆ, ಮಾತು ಅದೇ. ಮುಂದಿನ ಸಾಲಿನಲ್ಲಿ ಚಿಕ್ಕೋಡಿಯವರು ಕಾಲು ಶತಮಾನದಿಂದ ಕೂತಿರುವಾಗ, 2021ರಲ್ಲಿ ಹೊಸಪೇಟೆಯವರನ್ನು ಕರೆದು ವಿಜಯನಗರ ಜಿಲ್ಲೆ ಕೊಟ್ಟ ತಿರುವಿದೆಯಲ್ಲ, ಅದನ್ನು ಬರೆದ ಕೈಗೆ ಕಡಗ ತೊಡಿಸಬೇಕು.

ಆದ್ದರಿಂದ ವೆಬ್ ಸರಣಿ ಮಾಡುವವರಲ್ಲಿ ವಿನಂತಿ. ಕತೆ ಹುಡುಕಿಕೊಂಡು ಪರದೇಶಕ್ಕೆ ಹೋಗಬೇಡಿ, ಡಿಸೆಂಬರಿನಲ್ಲಿ ಇತ್ತ ಬನ್ನಿ. ಚಿತ್ರೀಕರಣದ ಅನುಮತಿಗೆ ಡಿಸಿ ಕಚೇರಿಗೆ ಅರ್ಜಿ ಹಾಕಬೇಕಾದೀತು. ಕಚೇರಿ ಬೆಳಗಾವಿಯಲ್ಲಿದೆ, ಅಥಣಿಯಿಂದ ನೂರು ಕಿಲೋಮೀಟರಿಗೂ ಹೆಚ್ಚು. ನಸುಕಿನ ಬಸ್ಸನ್ನೇ ಹಿಡಿಯಿರಿ.